ಮಂಟಪದೊಳಗಿನ ಕಂಪ್ಯೂಟರ್

ನಮ್ಮ ಮನೆಗೆ ಬಂದವರು ಚಪ್ಪಲಿ ಬಿಟ್ಟು ಪಡಸಾಲೆಗೆ ಕಾಲಿಟ್ಟ ಕೂಡಲೇ ನನ್ನ ಕಂಪ್ಯೂಟರಿಗೆ ಕೈ ಮುಗಿಯುತ್ತಾರೆ. ಭಕ್ತಿ ಹೆಚ್ಚಿರುವವರು ಕೆನ್ನೆಯನ್ನೂ ತಟ್ಟಿಕೊಳ್ಳುತ್ತಾರೆ. ಒಮ್ಮೆ ಗ್ಯಾಸ್ ಸಿಲಿಂಡರ್ ತಂದವನು ತನ್ನ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಅದರ ಮುಂದಿಟ್ಟು ಹೋದ. ನಾನು ಯಾರನ್ನೂ ತಿದ್ದಲು ಹೋಗುವುದಿಲ್ಲ. ಮೇಷ್ಟರ ಕೆಲಸದಲ್ಲಿ ದಿನವಿಡೀ ತಿದ್ದುವುದೇ ಇರುತ್ತದೆ, ಮನೆಗೆ ಬಂದ ಮೇಲೂ ಅದೇ ಆದರೆ ಹೇಗೆ? ಬಾಳೆಹಣ್ಣನ್ನು ನಾನೇ ತಿಂದೆ.

ನಾನು ಔರಾದಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ವಾಸ ಬೀದರ್ ನಗರದಲ್ಲಿ. ದಿನಾ ಹೋಗಿಬರುವ ಬಸ್ಸಿನಲ್ಲಿ ಬೇರೆಯವರು ನಿದ್ದೆ ಮಾಡುತ್ತಾರೆ, ಇಲ್ಲವೇ ಕಿಟಕಿಯ ಸೀಟಿಗಾಗಿ ಜಗಳವಾಡುತ್ತಾರೆ. ನಾನು ಮೊಬೈಲಿನಲ್ಲಿ ಕಂಪ್ಯೂಟರ್ ಜೋಡಿಸುವ ವಿಡಿಯೋ ನೋಡುತ್ತಿದ್ದೆ. ಅಂಥ ವಿಡಿಯೋಗಳನ್ನು ಒಂದು ತಿಂಗಳು ಬಿಡದೆ ನೋಡಿದ ಮನುಷ್ಯನಿಗೆ ಒಂದು ಬಗೆಯ ಧೈರ್ಯ ಬರುತ್ತದೆ. ವೈದ್ಯಕೀಯ ವಿಡಿಯೋ ನೋಡಿದ್ದರೆ ಈ ಹೊತ್ತಿಗೆ ಯಾರದೋ ಹೊಟ್ಟೆ ಕೊಯ್ದಿರುತ್ತಿದ್ದೆ. ಪುಣ್ಯಕ್ಕೆ ನನ್ನ ಕೈಗೆ ಸಿಕ್ಕಿದ್ದು ಗಫೂರ್‌ಭಾಯಿಯ ರಿಪೇರಿ ಅಂಗಡಿಯಲ್ಲಿ ಬಿದ್ದಿದ್ದ ಹಳೇ ಸಾಮಾನು. ರೇಡಿಯೋದಿಂದ ಹಿಡಿದು ಕಂಪ್ಯೂಟರಿನವರೆಗೆ ಏನನ್ನಾದರೂ ಬಿಚ್ಚಿ ಕೂಡಿಸಬಲ್ಲ ಆತ, ನನ್ನ ಪಟ್ಟಿ ಓದಿ, ಒಂದೊಂದು ಭಾಗವನ್ನು ಒಂದೊಂದು ಸತ್ತ ಯಂತ್ರದಿಂದ ಕಿತ್ತುಕೊಟ್ಟ. ಅವನ್ನೆಲ್ಲ ಮನೆಯಲ್ಲಿ ನಾನೇ ಜೋಡಿಸಿದೆ. ಗುಂಡಿ ಒತ್ತಿದಾಗ ದೀಪ ಹತ್ತಿತು. ಆ ಕ್ಷಣದಲ್ಲಿ ನನಗಾದ ಆನಂದವನ್ನು ನನ್ನ ಹೆಂಡತಿ ಸುನಂದಾ ಇಂದಿಗೂ ನೆರೆಯವರಿಗೆ ನಟಿಸಿ ತೋರಿಸುತ್ತಾಳೆ.

ಇನ್ನು ಬೇಕಾಗಿದ್ದುದು ಹೊರಗಿನ ಪೆಟ್ಟಿಗೆ. ತಗಡಿನದು ಅಂಗಡಿಯಲ್ಲಿ ಸಿಗುತ್ತಿತ್ತು. ಆದರೆ ಎಲ್ಲವನ್ನೂ ಮನೆಯಲ್ಲೇ ಮಾಡಿದೆ ಎಂದು ಸಹೋದ್ಯೋಗಿಗಳ ಮುಂದೆ ಕೊಚ್ಚಿಕೊಂಡಿದ್ದೆನಲ್ಲ, ಆದ್ದರಿಂದ ಕಟ್ಟಿಗೆಯದೇ ಆಗಬೇಕಿತ್ತು. ಭಾಲ್ಕಿಯಲ್ಲಿರುವ ನನ್ನ ಅಕ್ಕ ಶಾಂತಾ, ಖಟಕ ಚಿಂಚೋಳಿಯ ಒಬ್ಬ ಬಡಗಿಯ ಹೆಸರು ಹೇಳಿದಳು. ನಾನು ಕಾಗದದ ಮೇಲೆ ಅಳತೆ ಬರೆದುಕೊಟ್ಟೆ: ಒಂದೂವರೆ ಮೊಳ ಎತ್ತರ, ಮುಂದೆ ಎರಡು ಪುಟ್ಟ ಬಾಗಿಲು, ಹಿಂದೆ ವೈರಿಗೆ ತೂತು, ಮೇಲೆ ಗಾಳಿ ಹೋಗಲು ದುಂಡನೆಯ ದೊಡ್ಡ ತೂತು. ಆ ಬಡಗಿ ಮೂವತ್ತು ವರ್ಷಗಳಿಂದ ದೇವರ ಮಂಟಪ ಬಿಟ್ಟು ಬೇರೇನನ್ನೂ ಮಾಡಿದವನಲ್ಲ ಎಂಬುದನ್ನು ಅಕ್ಕ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹದಿನೈದು ದಿನದ ಮೇಲೆ ಬಸ್ಸಿನ ಮೇಲೇರಿ ಬಂದದ್ದು ನಾಲ್ಕು ಕಂಬ, ಬಾಗಿಲಿಗೆ ಎರಡು ಗಿಳಿ, ನೆತ್ತಿಯ ಮೇಲೆ ಮೂರು ಅಂತಸ್ತಿನ ಗೋಪುರ. ಗೋಪುರದ ತುದಿಯಲ್ಲಿ ನಾನು ಹೇಳಿದ ದುಂಡನೆಯ ತೂತು. ಫೋನು ಮಾಡಿ ವಿಚಾರಿಸಿದರೆ ಆತ ಬಹಳ ಸಮಾಧಾನದಿಂದ, ಅಳತೆ ನೋಡಿದ ಕೂಡಲೇ ತನಗೆ ತಿಳಿಯಿತೆಂದೂ, ಊದಿನಕಡ್ಡಿಯ ಹೊಗೆ ಹೋಗಲು ಇಷ್ಟು ಅಗಲದ ತೂತು ಬೇಡವಾಗಿತ್ತೆಂದೂ, ಆದರೂ ಸರ್ ಹೇಳಿದಂತೆಯೇ ಬಿಟ್ಟಿರುವುದಾಗಿಯೂ ಹೇಳಿದ. ಕೆಲಸ ಎಷ್ಟು ಚೆನ್ನಾಗಿತ್ತೆಂದರೆ ಬೈಯಲು ನನಗೆ ಬಾಯಿ ಬರಲಿಲ್ಲ.

ಇಷ್ಟಾಗಿದ್ದರೆ ಇದೊಂದು ತಮಾಷೆಯಾಗಿ ಮುಗಿಯುತ್ತಿತ್ತು. ಆದರೆ ಆ ವೇಳೆಗೆ ಅಕ್ಕ ಒಂದು ಅರ್ಜಿ ಹಾಕಿದ್ದಳು.

ಅಕ್ಕನಿಗೆ ಅರವತ್ತೊಂದು. ಪಿಯುಸಿ ಓದುತ್ತಿದ್ದಾಗ ಮದುವೆ ಗೊತ್ತಾಗಿ, ಪುಸ್ತಕ ಕಟ್ಟಿಟ್ಟು ಭಾಲ್ಕಿಗೆ ಹೋದವಳು. ಭಾವನದು ಕಿರಾಣಿ ಅಂಗಡಿ. ಬೆಲ್ಲ ಕಟ್ಟಿಕೊಡುವ ರದ್ದಿ ಕಾಗದವನ್ನೂ ಓದಿಯೇ ಪೊಟ್ಟಣ ಕಟ್ಟುವವಳು ಅಕ್ಕ. ದೂರಶಿಕ್ಷಣದ ಒಂದು ಸಂಸ್ಥೆಯವರು, ಪಿಯುಸಿ ಆಗದವರಿಗಾಗಿ ಅರ್ಹತಾ ಪರೀಕ್ಷೆ ಇಡುತ್ತಾರಂತೆ. ಪಾಸಾದರೆ ನೇರವಾಗಿ ಬಿ.ಎ. ಅದನ್ನು ಯಾವುದೋ ಪೊಟ್ಟಣದ ಮೇಲೆಯೇ ಓದಿ, ಮನೆಯಲ್ಲಿ ಯಾರಿಗೂ ಹೇಳದೆ ಅರ್ಜಿ ತುಂಬಿದ್ದಳು. ಪರೀಕ್ಷೆ ಒಂದು ಭಾನುವಾರ, ಮನೆಯಲ್ಲೇ ಕಂಪ್ಯೂಟರಿನ ಮುಂದೆ. ಕೋಣೆಯಲ್ಲಿ ಬೇರೆ ಯಾರೂ ಇರಕೂಡದು, ಮೊಬೈಲಿನಲ್ಲಿ ನಡೆಯದು, ಕಂಪ್ಯೂಟರಿನಲ್ಲಿ ಹೊಸ ಆಪರೇಟಿಂಗ್ ಸಿಸ್ಟಂ ಇರಲೇಬೇಕು. ಈ ಸಲ ತಪ್ಪಿದರೆ ಮತ್ತೆ ಒಂದು ವರ್ಷ. ಎಂಟು ದಿನ ಮೊದಲೇ ನಮ್ಮ ಮನೆಗೆ ಬಂದ ಅಕ್ಕ ಮಂಟಪವನ್ನು ನೋಡಿ ತೃಪ್ತಿಯಿಂದ ತಲೆಯಾಡಿಸಿ, "ತಮ್ಮಾ, ನಾ ಮನಿಯಾಗ ಯಾರಿಗೂ ಹೇಳಿ ಬಂದಿಲ್ಲ. ನಿನ್ನ ನಂಬಿ ಬಂದೀನಿ," ಎಂದಳು. ಕಂಪ್ಯೂಟರ್ ಜೋಡಿಸಿದ ದಿನದಿಂದ ಅದುವರೆಗೆ ನನ್ನನ್ನು ನಂಬಿದ ಮೊದಲ ವ್ಯಕ್ತಿ ಆಕೆ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಹೊಸ ಸಿಸ್ಟಂ ಹಾಕಲು ಕೂತೆ. ಕನ್ನಡದ ಮೇಷ್ಟರೆಂಬ ಅಭಿಮಾನದಿಂದ ಭಾಷೆಯನ್ನು ಕನ್ನಡವೇ ಎಂದು ಆರಿಸಿದೆ. ಅದು ಸ್ವಲ್ಪ ಹೊತ್ತು ನನ್ನ ಯಂತ್ರವನ್ನು ಒಳಗೂ ಹೊರಗೂ ಪರೀಕ್ಷಿಸಿ, ಅಚ್ಚಗನ್ನಡದಲ್ಲಿ ಹೇಳಿತು: "ಈ ಗಣಕವು ಕನಿಷ್ಠ ಅರ್ಹತೆಗಳನ್ನು ಪೂರೈಸಿಲ್ಲ." ಇಂಗ್ಲಿಷಿನಲ್ಲಿ ಹೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅಕ್ಕ ಹಿಂದೆ ನಿಂತು ಅದನ್ನು ಎರಡು ಸಲ ಗಟ್ಟಿಯಾಗಿ ಓದಿದಳು. ನಾನು ಅದು ಕಂಪ್ಯೂಟರಿಗೆ ಹೇಳಿದ್ದು, ನಿನಗಲ್ಲ ಎಂದು ಸಮಾಧಾನ ಮಾಡಿದೆ.

ಗಫೂರ್‌ಭಾಯಿಯ ಬಳಿ ಓಡಿದೆ. ಹೋಗುವಾಗ ಮಂಟಪವನ್ನು ಒಯ್ಯಲಿಲ್ಲ. ಆ ಗಿಳಿಗಳನ್ನು ನೋಡಿದರೆ ಆತ ಇಡೀ ಬಜಾರನ್ನು ಕರೆದು ತೋರಿಸುತ್ತಾನೆಂಬ ನಾಚಿಕೆ. ಒಳಗಿನ ಸಾಮಾನನ್ನಷ್ಟೇ ಟವೆಲ್ಲಿನಲ್ಲಿ ಸುತ್ತಿ ಒಯ್ದೆ. ಆತ ನೋಡಿ ನಕ್ಕು, "ಸರ್, ಇದರಾಗ ಪೈಚಾನಿನ, ಅಂದ್ರ ಗುರ್ತಿನ ಚಿಪ್ ಇಲ್ಲರಿ. ಮಷೀನ್ ಛಲೋ ಅದ, ಕಾಗದ ಇಲ್ಲ. ಅದಕ್ಕ ಒಳಗ ಬಿಡವಲ್ದು," ಎಂದ. ಗುರುತಿನ ಚೀಟಿ ಇಲ್ಲದ್ದಕ್ಕೆ ಕೌಂಟರಿನಿಂದ ಹಿಂದಕ್ಕೆ ಕಳಿಸಿಕೊಂಡ ಅನುಭವ ನಮಗಿಬ್ಬರಿಗೂ ಸಾಕಷ್ಟಿದ್ದುದರಿಂದ ಇದು ಕೂಡಲೇ ಅರ್ಥವಾಯಿತು. ಉಪಾಯವನ್ನೂ ಅವನೇ ಹೇಳಿದ. ಚಿಪ್ ಇದೆಯೇ ಎಂದು ಕೇಳುವುದನ್ನೇ ಮರೆಸುವ ಎರಡು ಸಾಲುಗಳಿವೆ, ಅವನ್ನು ಮೊದಲು ಟೈಪ್ ಮಾಡಬೇಕು. ಅಂಗಡಿಯಲ್ಲೇ ಹಾಕಿಕೊಡುತ್ತೇನೆ, ಬಿಟ್ಟು ಹೋಗಿ ಎಂದೂ ಹೇಳಿದ. ಮನೆಯಲ್ಲಿ ಹುಟ್ಟಿದ ಯಂತ್ರದ ಶುಭಕಾರ್ಯ ಮನೆಯಲ್ಲೇ ಆಗಬೇಕೆಂಬ ನನ್ನ ಒಣ ಜಂಬ ಒಪ್ಪಲಿಲ್ಲ.

ಸೋಮವಾರ ಬೆಳಿಗ್ಗೆ ಆ ಎರಡು ಸಾಲು ಟೈಪ್ ಮಾಡಿದೆ. ಸಿಸ್ಟಂ ನಿಜಕ್ಕೂ ಕೇಳುವುದನ್ನು ಮರೆತು ಕೆಲಸ ಸುರು ಮಾಡಿತು. ಹತ್ತು ಪ್ರತಿಶತ ಆಗಿದ್ದನ್ನು ಕಣ್ಣಾರೆ ನೋಡಿ ಔರಾದಿನ ಬಸ್ ಹತ್ತಿದೆ. ಸಂಜೆ ಬಂದರೆ ಯಂತ್ರ ಸ್ತಬ್ಧ. ಅರವತ್ತೆರಡಕ್ಕೆ ಬಂದು ತಾನಾಗಿಯೇ ಆರಿಹೋಯಿತು ಎಂದು ಸುನಂದಾ ಹೇಳಿದಳು. ಕೂಡಲೇ ಮತ್ತೆ ಸುರು ಮಾಡಲು ಹೋದರೆ ಅಕ್ಕ ತಡೆದಳು. ದೀಪ ಹಚ್ಚಿದ ಮೇಲೆ ಹೊಸ ಕೆಲಸ ಸುರು ಮಾಡಬಾರದು, ಅದರಲ್ಲೂ ವಿದ್ಯೆಗೆ ಸಂಬಂಧಪಟ್ಟದ್ದು. ಪರೀಕ್ಷೆ ಅವಳದು, ನಾನು ಎದುರಾಡಲಿಲ್ಲ. ಒಳಗಿನ ಸಾಮಾನನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಗಫೂರ್‌ಭಾಯಿಯ ಅಂಗಡಿಗೆ ಹೋದೆ. ಅಲ್ಲಿ ಸುಮ್ಮನೆ ಹಚ್ಚಿಟ್ಟು ನೋಡಿದರೆ ಅದು ಎರಡು ತಾಸು ಚಕಾರವೆತ್ತದೆ ನಡೆಯಿತು.

ಮಂಗಳವಾರವೂ ಅರವತ್ತೆರಡು. ಬುಧವಾರ ಅರವತ್ತೊಂದು, ಅಂದು ಬಿಸಿಲು ಜಾಸ್ತಿ ಇತ್ತು. ನಮ್ಮ ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ಬೇರೆ ಮಾತೇ ಇಲ್ಲದಂತಾಯಿತು. ಗಣಿತದವರು ಅರವತ್ತೆರಡನ್ನು ಮೂವತ್ತೊಂದರಿಂದ ಭಾಗಿಸಿ ನೋಡಿದರು. ವಿಜ್ಞಾನದವರು ಬಗದಲ್‌ನ ತಮ್ಮ ಮಾವನವರ ಪಂಪ್‌ಸೆಟ್ಟೂ ಹೀಗೇ ಮಾಡುತ್ತಿತ್ತೆಂದೂ, ವೋಲ್ಟೇಜೇ ಕಾರಣವೆಂದೂ ಹೇಳಿದರು. ದೈಹಿಕ ಶಿಕ್ಷಣದವರು ಮಾತ್ರ ಯಂತ್ರಕ್ಕೆ ದಮ್ಮು ಕಡಿಮೆ ಎಂದರು. ಅವರ ಮಾತಿಗೆ ಎಲ್ಲರೂ ನಕ್ಕೆವು. ಗಫೂರ್‌ಭಾಯಿ ದಿನಕ್ಕೊಂದು ಭಾಗ ಬದಲಿಸಿದ. ಗುರುವಾರದ ವೇಳೆಗೆ ನನ್ನ ಮೂಲ ಕಂಪ್ಯೂಟರಿನಲ್ಲಿ ಉಳಿದದ್ದು ಸ್ವಿಚ್ಚು ಮತ್ತು ನನ್ನ ಹಟ ಮಾತ್ರ.

ಅಕ್ಕ ಈ ಎಲ್ಲದರ ನಡುವೆ ಕಾಗದದ ಮೇಲೆ ಬರೆದುಕೊಂಡ ಕೀಲಿಮಣೆಯ ಚಿತ್ರದ ಮೇಲೆ ಒಂದೇ ಬೆರಳಿನಿಂದ ಟೈಪಿಂಗ್ ಅಭ್ಯಾಸ ಮಾಡುತ್ತಿದ್ದಳು. ರಾತ್ರಿ ಊಟಕ್ಕೆ ಕೂತಾಗ ತಟ್ಟೆಗೆ ಚಟ್ನಿ ಬಡಿಸಿ ನನ್ನ ಮುಖ ನೋಡುತ್ತಿದ್ದಳು. ಆ ನೋಟವನ್ನು ತಪ್ಪಿಸಲು ನಾನು ಚಟ್ನಿಯನ್ನೇ ನೋಡುತ್ತಿದ್ದೆ. ಅಷ್ಟು ನೋಡಿದರೂ ಒಂದು ವಿಷಯ ಹೊಳೆಯಲಿಲ್ಲ. ನಮ್ಮದು ವರ್ಷವಿಡೀ ಶೇಂಗಾ ಚಟ್ನಿ ತಿನ್ನುವ ಮನೆ. ಆ ವಾರ ನಾಲ್ಕು ದಿನವೂ ಕೊಬ್ಬರಿ ಚಟ್ನಿ.

ಶುಕ್ರವಾರ ರಜೆ ಹಾಕಿದೆ. ಯಂತ್ರ ಎಂಟೂವರೆಗೆ ಮೂವತ್ತು ದಾಟಿತು. ನಾನು ಪೇಪರು ಹಿಡಿದು ಮೂಲೆಯಲ್ಲಿ ಕೂತಿದ್ದೆ. ಅಕ್ಕ ಸ್ನಾನ ಮುಗಿಸಿ, ಮಡಿಯಲ್ಲಿ, ತಟ್ಟೆ ಹಿಡಿದು ಬಂದಳು. ಮಂಟಪದ ಗಿಳಿಗಳಿಗೆ ಕುಂಕುಮ ಹಚ್ಚಿದಳು. ಊದಿನಕಡ್ಡಿ ಬೆಳಗಿದಳು. ಆಮೇಲೆ ತಟ್ಟೆಯಲ್ಲಿದ್ದ ಜುಟ್ಟಿನ ತೆಂಗಿನಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ, ಗೋಪುರದ ತುದಿಯ ತೂತಿನಲ್ಲಿ ಕೂಡಿಸಿದಳು. ಆ ಬಡಗಿಯ ಕೈಚಳಕವನ್ನು ಮೆಚ್ಚಬೇಕು: ಗಾಳಿ ಹೋಗಲು ಕೂದಲೆಳೆಯಷ್ಟೂ ಸಂದಿಲ್ಲದಂತೆ ಕಾಯಿ ಕೂತಿತು. ಒಳಗೆ ಫ್ಯಾನು ಏದುಸಿರು ಬಿಡತೊಡಗಿತು. ಅಕ್ಕ ಕಣ್ಣು ಮುಚ್ಚಿ ಕೈ ಮುಗಿದು ನಿಂತೇ ಇದ್ದಳು.

"ಅಕ್ಕಾ, ಇದನ್ನ ದಿನಾ ಇಡ್ತೀಯೇನು?"

"ಹೂಂ. ಗೋಪುರ ಅಂದ ಮ್ಯಾಲ ಕಳಶ ಬ್ಯಾಡೇನು? ಅಂಗಡಿಂದ ಏಳು ಕಾಯಿ ತಂದೀನಿ, ದಿನಕ್ಕ ಒಂದು. ನೀ ಸಂಜಿಗಿ ಬರೂದ್ರಾಗ ಇಳಿಸಿ ಒಡೀತೇನಿ."

ಸುನಂದಾಳ ಕಡೆ ನೋಡಿದೆ. ಆಕೆ ರೊಟ್ಟಿ ಬಡಿಯುತ್ತಲೇ, "ಮಂಟಪ ಮಾಡಿಸಿದವ್ರು ನೀವೇ ಅಲ್ಲರಿ? ಪೂಜಾ ಮಾಡಬ್ಯಾಡ್ರಿ ಅಂತ ಹ್ಯಾಂಗ ಹೇಳ್ಲಿ?" ಎಂದಳು.

ಈಗ ನನ್ನ ವಿದ್ವತ್ತಿನ ಬಗ್ಗೆ ಎರಡು ಮಾತು. ನಮ್ಮ ಬೀದರಿನ ನೆಲದಡಿಯಲ್ಲಿ ಹಳೆಯ ಕಾಲದವರು ಕೊರೆದ ನೀರಿನ ಸುರಂಗವಿದೆ. ಅದರ ಉದ್ದಕ್ಕೂ ಅಲ್ಲಲ್ಲಿ ಮೇಲಿನವರೆಗೆ ಬಾವಿಯಂಥ ಕಿಂಡಿಗಳಿವೆ. ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ, ಒಂದು ಕಿಂಡಿಯ ಅಂಚಿನಲ್ಲಿ ನಿಂತು, ಒಳಗೆ ಏನೇ ಹರಿಯಲಿ ಅದಕ್ಕೆ ಮೇಲಿನಿಂದ ಗಾಳಿ ಬೇಕು ಎಂಬುದನ್ನು ಕಂಡುಕೊಂಡ ಆ ಜನ ಎಷ್ಟು ಜಾಣರು ನೋಡಿ ಎಂದು ಮುಕ್ಕಾಲು ಗಂಟೆ ಭಾಷಣ ಮಾಡುತ್ತೇನೆ. ಅದೇ ಮನುಷ್ಯ ನಾಲ್ಕು ದಿನ ತನ್ನ ಮನೆಯ ಕಿಂಡಿಗೆ ಮುಚ್ಚಿದ್ದ ಕಾಯಿಯ ಚಟ್ನಿ ತಿಂದು, ರುಚಿಯಾಗಿದೆ ಎಂದಿದ್ದ. ದೈಹಿಕ ಶಿಕ್ಷಣದವರಿಗೆ ಫೋನು ಮಾಡಿ ಕ್ಷಮೆ ಕೇಳಿದೆ.

ಆದರೆ ಕಾಯಿಯಿಂದ ಗಾಳಿ ಕಟ್ಟಿ ಯಂತ್ರ ಕಾದು ಆರುತ್ತಿತ್ತೆಂದು ನನ್ನಿಂದ ಕೇಳಿದ ಅಕ್ಕನ ಮುಖ ನೋಡಿ ನಗು ನಿಂತುಹೋಯಿತು. ತನ್ನ ಕೈಯಿಂದಲೇ ತನ್ನ ಪರೀಕ್ಷೆಗೆ ಅಡ್ಡಿಯಾಯಿತೆಂದು ಆಕೆ ಬಿಳಿಚಿಕೊಂಡಿದ್ದಳು. ಮೊದಲ ಸಲ ಓದು ನಿಂತಾಗ ಅದು ಬೇರೆಯವರ ತೀರ್ಮಾನವಾಗಿತ್ತು; ಈ ಸಲ ತಾನೇ ಕಾಯಿ ಇಟ್ಟಿದ್ದಳು. ದೇವರಿಗೆ ಕಾಯಿಯನ್ನು ಒಡೆದೇ ಅರ್ಪಿಸಬೇಕು, ಇಡಿಯಾಗಿ ಇಟ್ಟದ್ದರಿಂದ ತೊಂದರೆಯಾಗಿದೆ ಎಂದು ಬಾಯಿಗೆ ಬಂದ ಶಾಸ್ತ್ರ ಹೇಳಿದೆ. ಆಕೆ ಒಂದು ಗಳಿಗೆ ಯೋಚಿಸಿ, ಕಾಯಿ ಇಳಿಸಿ ಅಲ್ಲೇ ಒಡೆದಳು. ಮಧ್ಯಾಹ್ನದ ಹೊತ್ತಿಗೆ ನೂರಾಯಿತು. ಎರಡು ದಿನ ನಿಜವಾದ ಕೀಲಿಮಣೆಯ ಮೇಲೆ ಅಭ್ಯಾಸ ಮಾಡಲು ಅವಳಿಗೆ ಸಮಯವೂ ಸಿಕ್ಕಿತು.

ಭಾನುವಾರ ಹತ್ತಕ್ಕೆ ಅಕ್ಕ ಹೊಸ ಇಳಕಲ್ ಸೀರೆ ಉಟ್ಟು ಕೂತಳು. ಕ್ಯಾಮೆರಾದೊಳಗಿನಿಂದ ಯಾರೋ ಪರಗಂಡಸು ನೋಡುತ್ತಾನೆಂದು ತಲೆಯ ಮೇಲೆ ಸೆರಗು ಹೊದ್ದುಕೊಂಡಳು. ಮುಖ ಕಾಣುವಷ್ಟಾದರೂ ಬಿಡು ಎಂದು ಕೈಮುಗಿದು ಕೇಳಿಕೊಂಡು ನಾವು ಹೊರಗೆ ಬಂದೆವು. ಎರಡು ದಿನ ಕಣ್ಣಿಗೆ ಬೀಳದ್ದನ್ನು ಬಾಗಿಲು ಹಾಕುವಾಗ ಕಂಡೆ: ತೆರೆಯ ಬಲಮೂಲೆಯಲ್ಲಿ, ಸಣ್ಣ ಬೂದು ಅಕ್ಷರದಲ್ಲಿ, ಅಳಿಸಲಾಗದಂತೆ ಒಂದು ಸಾಲು ನಿಂತಿತ್ತು. ಒಳಗೆ ಬಿಟ್ಟುಕೊಂಡರೂ ಸಿಸ್ಟಂ ಮರೆತಿರಲಿಲ್ಲ: "ಅರ್ಹತೆ ಪೂರೈಸಿಲ್ಲ." ಒಳಗೆ ಹೋಗಿ ವಿವರಿಸುವಂತಿಲ್ಲ, ಹೋದರೆ ಪರೀಕ್ಷೆಯೇ ರದ್ದು. ಎರಡು ತಾಸು ನಾನು ಪಡಸಾಲೆಯ ಹೊರಗೆ ಕಟ್ಟೆಯ ಮೇಲೆ ಕೂತು ಉಗುರು ಕಚ್ಚಿದೆ. ಅಷ್ಟು ಹೆದರಿಕೆ ನನ್ನ ಸ್ವಂತ ಪರೀಕ್ಷೆಗಳಲ್ಲೂ ಆಗಿರಲಿಲ್ಲ.

ಹೊರಗೆ ಬಂದ ಅಕ್ಕ ಚಹಾ ಕೇಳಿದಳು. ಮೂರು ಪ್ರಶ್ನೆ ಬಿಟ್ಟೆ, ಉಳಿದವು ಬಂದವು ಎಂದಳು. ಮೂಲೆಯ ಸಾಲಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸಂಜೆಯ ಬಸ್ಸಿಗೆ ಭಾಲ್ಕಿಗೆ ಹೋದಳು. ಫಲಿತಾಂಶ ಇನ್ನೂ ಬಂದಿಲ್ಲ.

ಬಂದದ್ದು ಉತ್ತರಗಳ ಒಂದು ಪ್ರತಿ, ಅಕ್ಕ ಅರ್ಜಿಯಲ್ಲಿ ಕೊಟ್ಟಿದ್ದ ನನ್ನ ಇಮೇಲಿಗೆ. ಪ್ರಶ್ನೆಗಳೆಲ್ಲ ಮುಗಿದ ಮೇಲೆ, ಬೇರೇನಾದರೂ ಹೇಳುವುದಿದ್ದರೆ ಬರೆಯಿರಿ ಎಂದು ಒಂದು ಖಾಲಿ ಜಾಗ ಕೊಟ್ಟಿದ್ದರು. ಸಾಮಾನ್ಯವಾಗಿ ಅಲ್ಲಿ ಯಾರೂ ಏನೂ ಬರೆಯುವುದಿಲ್ಲ. ಅಕ್ಕ ಒಂದೇ ಬೆರಳಿನಿಂದ, ಒಂದೂ ತಪ್ಪಿಲ್ಲದೆ ಟೈಪ್ ಮಾಡಿದ್ದಳು:

"ನಾನು ಬರೆಯಲು ಕೂಡುವ ಮೊದಲೇ ನೀವು ಮೂಲೆಯಲ್ಲಿ ಅರ್ಹತೆ ಇಲ್ಲ ಎಂದು ಬರೆದಿದ್ದೀರಿ. ಪೆಟ್ಟಿಗೆಗೆ ಹೇಳಿದ್ದೆಂದು ನನ್ನ ತಮ್ಮ ಹೇಳುತ್ತಾನೆ. ಒಂದು ವೇಳೆ ನನಗೇ ಹೇಳಿದ್ದಾದರೆ, ದಯವಿಟ್ಟು ಮೇಲಿನ ಉತ್ತರಗಳನ್ನು ಓದಿ, ಆಮೇಲೆ ಹೇಳಿರಿ."