ತುರಿಸದ ಮಚ್ಚೆ

ಕಾಲುವೆಗೆ ನೀರು ಬಿಟ್ಟ ಮೇಲೆ ವಳಕಮದಿನ್ನಿಯ ಸುತ್ತ ಊರಿಗೆ ಊರೇ ತುರಿಸಿಕೊಳ್ಳತೊಡಗಿತು. ಜೋಳದ ಹೊಲದ ಒಣಮಣ್ಣಿನಲ್ಲಿ ನಡೆದ ಕಾಲುಗಳು ದಿನವಿಡೀ ಭತ್ತದ ಗದ್ದೆಯಲ್ಲಿ ನೆನೆದು ಬೆರಳ ಸಂದಿಯೆಲ್ಲ ಕೆಸರುಹುಣ್ಣಾದವು. ಹೆಂಗಸರಿಗೆ ಸೀರೆ ಬಿಗಿದ ಸೊಂಟದ ಸುತ್ತ ಉಂಗುರ ಉಂಗುರವಾಗಿ ಗಜಕರ್ಣ ಎದ್ದಿತು. ಮಕ್ಕಳ ಕೈಗೆ ಕಜ್ಜಿ ಹತ್ತಿ, ಒಂದೇ ಕೌದಿಯಲ್ಲಿ ಮಲಗಿದವರಿಗೆಲ್ಲ ಹಬ್ಬಿತು. ಸಂತೆಕಲ್ಲೂರಿನಿಂದ ನಾಟಿ ಕೂಲಿಗೆ ಬಂದು, ಗಂಡ ಮಾಳಿಂಗಪ್ಪ, ಅತ್ತೆ, ಮಗಳ ಜೊತೆ ಅಲ್ಲೇ ಗುಡಿಸಲು ಹಾಕಿದ್ದ ಆದೆಮ್ಮ ಮಾತ್ರ ಪುಣ್ಯವಂತೆ. ಅವಳ ಬಲ ಮುಂಗೈಯ ಮೇಲೆ ರೂಪಾಯಿಯಗಲದ ಮಚ್ಚೆಯೊಂದಿತ್ತು, ತಿಳಿತಾಮ್ರದ ಬಣ್ಣದ್ದು. ತುರಿಯಿಲ್ಲ, ಕೀವಿಲ್ಲ.

"ನಂದು ಬಡಪಾಯಿ ಐತಿ, ಕಾಡಂಗಿಲ್ಲ" ಎಂದು ನಗುತ್ತಿದ್ದಳು.

ಅವಳ ಅತ್ತೆ ಯಮನಮ್ಮನದು ದೊಡ್ಡ ವೈದ್ಯ. ಕಜ್ಜಿಗೆ ಬೇವಿನೆಣ್ಣೆಯಲ್ಲಿ ಗಂಧಕ ಕಲಸಿ ಹಚ್ಚುವಳು. ಅದಕ್ಕೂ ಬಗ್ಗದ್ದಕ್ಕೆ ಗಾಜಿನ ಬಳೆಚೂರು ಕಾಸಿ ಬರೆ ಕೊಡುವಳು. ಅವಳ ಬರೆಗೆ ಮೀಸೆ ಹೊತ್ತ ಗಂಡಸರೂ ಓಣಿಗೆ ಕೇಳುವಂತೆ ಒದರುತ್ತಿದ್ದರು. ಎರಡು ಸುಗ್ಗಿ ಕಳೆದರೂ ಮಚ್ಚೆ ಹೋಗದಿದ್ದಾಗ ಒಂದು ಮಧ್ಯಾಹ್ನ ಸೊಸೆಯ ಕೈ ಹಿಡಿದು ಕಾದ ಚೂರನ್ನು ಒತ್ತಿದಳು. ಚರ್ಮ ಸುಟ್ಟ ವಾಸನೆ ಬಂತು. ಆದೆಮ್ಮ ಆ ಕಡೆ ಮುಖ ಮಾಡಿ ನೆರೆಯವಳ ಜೊತೆ ಹರಟುತ್ತಲೇ ಇದ್ದಳು.

"ಉರಿಯಾಕತ್ತಿಲ್ಲೇನ್ ಬೇ?"

"ಇಲ್ಲತ್ತಿ. ಇಟ್ಟಿಯೇನು?"

ಯಮನಮ್ಮನ ಕೈಯಿಂದ ಚೂರು ಬಿತ್ತು. "ದುರುಗಮ್ಮ ನನ್ನ ಸೊಸಿ ಕೈ ಹಿಡದಾಳ! ಬೆಂಕಿನೂ ಮುಟ್ಟವಲ್ದು ನೋಡ್ರಬೇ!"

ಹಾಗೆ ಶುರುವಾಯಿತು. ಮಂಗಳವಾರ ಬಂದರೆ ಹೆಂಗಸರು ಬಂದು ಮಚ್ಚೆಗೆ ಕುಂಕುಮ ಹಚ್ಚಿ ಕೈಮುಗಿಯುವರು. ಒಣಭೂಮಿಯವಳೆಂದು ನಾಟಿಯ ಸಾಲಿನ ಕೊನೆಗೆ ತಳ್ಳಿಸಿಕೊಂಡಿದ್ದವಳನ್ನು ಈಗ ಎಲ್ಲರ ಮುಂದೆ ನಿಲ್ಲಿಸಿದರು. ಯಾವ ಗದ್ದೆಯಲ್ಲೂ ಮೊದಲ ಸಸಿ ಅವಳ ಕೈಯದೇ. ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡಿದ್ದ ರೈತರೂ ಅವಳಿಗೆ ಕಾಯುತ್ತಿದ್ದರು. ಹುಟ್ಟಿದಾಗಿನಿಂದ ಯಾರೂ ಕಣ್ಣೆತ್ತಿ ನೋಡದವಳಿಗೆ ಇದು ಎಷ್ಟು ಹಿತವಾಗಿತ್ತೆಂದು ಹೇಳಬೇಕಾಗಿಲ್ಲ. ಒಲೆಯ ಮೇಲಿನ ಗಡಿಗೆಯನ್ನು ಬರಿ ಬಲಗೈಲಿ ಇಳಿಸಿ ಜನರ ಬೆರಗು ನೋಡುವಳು. ಆಮೇಲೆ ಏಳುವ ಬೊಕ್ಕೆಗಳನ್ನು ಸೆರಗಿನೊಳಗೆ ಮುಚ್ಚಿಕೊಳ್ಳುವಳು.

ಮಚ್ಚೆಯ ಸುದ್ದಿ ಕೇಳಿ ಸರ್ಕಾರದ ಆರೋಗ್ಯ ನೌಕರ ನರಸಣ್ಣ ಸೈಕಲ್ ಮೇಲೆ ಬಂದಾಗ ಮನೆಯಲ್ಲಿ ಅವಳೊಬ್ಬಳೇ ಇದ್ದಳು. ಕಣ್ಣು ಮುಚ್ಚಿಸಿ, ಹತ್ತಿಯ ಎಳೆ ಸೋಕಿದಲ್ಲಿ ಬೆರಳಿಡು ಎಂದ. ಕತ್ತಿನಲ್ಲಿ ಇಟ್ಟಳು, ಎಡಗೈಯಲ್ಲಿ ಇಟ್ಟಳು. ಮಚ್ಚೆಯ ಮೇಲೆ ಎಷ್ಟು ಸವರಿದರೂ ಸುಮ್ಮನೆ ಕೂತಿದ್ದಳು. ಮೊಣಕೈ ಹಿಂದಿನ ನರ ಒತ್ತಿ ನೋಡಿದ, ಹಗ್ಗದಂತೆ ದಪ್ಪಗಾಗಿತ್ತು.

"ಇದು ಕುಷ್ಠ ಐತಿ, ಯವ್ವಾ. ಅಂಜಬ್ಯಾಡ. ಈಗಿಂದ ಮಾತ್ರಿ ನುಂಗಿದ್ರ ಕೈ ಉಳಿತೈತಿ. ಆದ್ರ ವರ್ಷಗಟ್ಲೆ ನುಂಗಬೇಕು, ನಡುವ ಬಿಡಬಾರ್ದು."

ಆ ಹೆಸರಿನವರನ್ನು ಊರು ಏನು ಮಾಡುತ್ತದೆಂದು ಅವಳು ಸಂತೆಕಲ್ಲೂರಿನಲ್ಲಿ ಕಂಡಿದ್ದಳು. ಊರಾಚೆಯ ಬೇವಿನ ಮರದಡಿ ಒಬ್ಬ ಮುದುಕನಿದ್ದ. ಸ್ವಂತ ಮಗನೇ ಅವನಿಗೆ ರೊಟ್ಟಿಯನ್ನು ದೂರದಿಂದ ಎಸೆಯುತ್ತಿದ್ದ.

"ಇದು ಅಮ್ಮನ ಗುರುತು ರೀ" ಎಂದು ಕೈ ಎಳೆದುಕೊಂಡಳು. ನರಸಣ್ಣ ಮತ್ತೆ ಮತ್ತೆ ಬಂದ, ಬೇಡಿಕೊಂಡ. ಅವಳು ಹೊರಗೇ ಬರಲಿಲ್ಲ. ಅವಳ ಹಟ ನೆನೆದರೆ ಮೈ ಉರಿಯುತ್ತದೆ. ಆದರೆ ಆ ಬೇವಿನ ಮರವನ್ನು ಕಂಡವರಾರೂ ಅವಳನ್ನು ಪೂರ್ತಿ ಬೈಯಲಾರರು.

ಮರುವರ್ಷ ಕಿರುಬೆರಳು ಬಾಗಿತು, ಪಕ್ಕದ ಬೆರಳೂ ಬಾಗಿತು. ಸಸಿ ಕೈಯಿಂದ ಜಾರಿ ನೀರಿಗೆ ಬೀಳತೊಡಗಿತು. ಅಮ್ಮನ ಹಿಡಿತ ಬಿಗಿಯಾಗಿದೆ ಎಂದು ಹೆಂಗಸರು ಇನ್ನಷ್ಟು ಕುಂಕುಮ ತಂದರು.

ಆ ವರ್ಷದ ಶ್ರಾವಣದಲ್ಲಿ ಯಮನಮ್ಮ ಮೊಮ್ಮಗಳು ಗ್ಯಾನಮ್ಮನಿಗೆ ನೀರೆರೆಯುತ್ತಿದ್ದವಳು ಕುಣಿದಾಡುತ್ತ ಹೊರಗೆ ಬಂದಳು. ಹುಡುಗಿಯ ಬೆನ್ನ ಮೇಲೂ ಅಂಥದೇ ಮಚ್ಚೆ! ಓಣಿಗೆಲ್ಲ ಹೇಳಿಕಳಿಸಿದಳು. ಆದೆಮ್ಮ ಮಗಳನ್ನು ಒಳಗೆ ಕರೆದು, ಕಣ್ಣು ಮುಚ್ಚಿಸಿ, ಎಡಗೈಲಿ ಕೋಳಿಪುಕ್ಕ ಹಿಡಿದು ಕತ್ತಿಗೆ ತಾಗಿಸಿದಳು. ಹುಡುಗಿ ಕಿಲಕಿಲ ನಕ್ಕಳು. ಆಮೇಲೆ ಮಚ್ಚೆಯ ಮೇಲೆ ಆಡಿಸಿದಳು, ಮತ್ತೆ ಮತ್ತೆ ಆಡಿಸಿದಳು.

"ಲಗೂನ ಮುಟ್ಟು ಯವ್ವಾ. ಎಷ್ಟೊತ್ತು ಕಣ್ಣು ಮುಚ್ಚಲಿ?" ಎಂದಳು ಹುಡುಗಿ.

ಹೊರಗೆ ಅಂಗಳ ತುಂಬಿತ್ತು. ಯಮನಮ್ಮ ಕುಂಕುಮದ ಬಟ್ಟಲು ಹಿಡಿದು ಹುಡುಗಿಯ ರವಿಕೆ ಸರಿಸಲು ಬಂದಾಗ ಆದೆಮ್ಮ ಅಡ್ಡ ನಿಂತಳು.

"ಮುಟ್ಟಬ್ಯಾಡತ್ತಿ. ಇದು ಅಮ್ಮ ಅಲ್ಲ, ಕುಷ್ಠ. ನಂದೂ ಅದೇ. ನನಗ ಗೊತ್ತಿತ್ತು."

ಒಬ್ಬಳು ಹೆಂಗಸು ಕೈಯನ್ನು ಸೆರಗಿಗೆ ತಿಕ್ಕಿಕೊಂಡಳು. ನೋಡುನೋಡುತ್ತ ಅಂಗಳ ಖಾಲಿಯಾಯಿತು. ಮಾಳಿಂಗಪ್ಪ ತಲೆ ಬಗ್ಗಿಸಿ ಕೂತೇ ಇದ್ದ. ಅವಳು ಮಗಳ ಕೈ ಹಿಡಿದು ಸಿಂಧನೂರಿನ ದವಾಖಾನೆಗೆ ನಡೆದಳು. ಹುಡುಗಿಯದು ಈಗಷ್ಟೇ ಶುರು, ಮಾತ್ರೆ ಬಿಡದೆ ಕೊಟ್ಟರೆ ವಾಸಿಯಾಗುತ್ತದೆ ಎಂದರು ಡಾಕ್ಟರು. ಅವಳಿಗೂ ಮಾತ್ರೆ ಕೊಟ್ಟರು, ರೋಗ ನಿಲ್ಲುತ್ತದೆ, ಬೆರಳು ಮಾತ್ರ ನೆಟ್ಟಗಾಗುವುದಿಲ್ಲ ಎಂದು ಹೇಳಿದರು.

ಸಂಜೆ ತಿರುಗಿ ಬಂದಾಗ ತಾಯಿ ಮಗಳ ಗಂಗಾಳ, ಚರಿಗೆ, ಕೌದಿ ಅಂಗಳದಲ್ಲಿ ಬಿದ್ದಿದ್ದವು. ಬಾಗಿಲು ಹಾಕಿತ್ತು, ಒಳಗೆ ಯಮನಮ್ಮ ಕೆಮ್ಮುವುದು ಕೇಳುತ್ತಿತ್ತು. ಆದೆಮ್ಮ ಬಾಗಿಲು ಬಡಿಯಲಿಲ್ಲ. ಚರಿಗೆಯಲ್ಲಿ ನೀರು ತಂದು, ಅಂಗಳದಲ್ಲೇ ಕೂತು ಮಗಳಿಗೆ ಮೊದಲ ಮಾತ್ರೆ ನುಂಗಿಸಿದಳು.