ಒಂಬತ್ತನೇ ಬಲೆಯ ದುಂಬಿಗಳು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಕ್ಕವಳು ನಾನು. ನನ್ನ ಗಂಡ ಕೊಡಗಿನವರು, ಸೈನ್ಯದಲ್ಲಿದ್ದರು. ಅವರ ಗೆಳೆಯರು ದೆಹಲಿಯ ಲೋಧಿ ಕಾಲೋನಿಯ ನಮ್ಮ ಮನೆಯಲ್ಲಿ ಕೂತು, ಯಾರೂ ಇಲ್ಲದ ಹಿಮದ ಠಾಣೆಯಲ್ಲಿ ಯಾರೋ ಕೆಮ್ಮಿದ್ದನ್ನೋ, ಹೆಜ್ಜೆ ಮೂಡಿದ್ದನ್ನೋ ಹೇಳಲು ಶುರುಮಾಡಿದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಲೆನ್ಸಿನ ಕೆಳಗಿಟ್ಟು ನೋಡಲಾಗದ್ದನ್ನು ನಂಬುವ ಸ್ವಭಾವ ನನ್ನದಲ್ಲ. ಈಗಲೂ ಅಲ್ಲ. ಆದರೂ ಇದನ್ನು ಬರೆಯುತ್ತಿದ್ದೇನೆ. ಓದುವವರು ಏನು ಬೇಕಾದರೂ ಅಂದುಕೊಳ್ಳಿ.

ದ್ವಾರಕಾ ಕಡೆಗೆ ಮೆಟ್ರೊ ಓಡಲು ಶುರುವಾಗಿದ್ದ ಹೊಸತು. ನಾನು ದೆಹಲಿಯ ಒಂದು ಸರ್ಕಾರಿ ಪ್ರಯೋಗಾಲಯದ ಕೀಟ ವಿಭಾಗದಲ್ಲಿ ಸಹಾಯಕಿಯಾಗಿದ್ದೆ. ಹಿಮಾಚಲದ ದೇವದಾರು ಕಾಡುಗಳಲ್ಲಿ ತೊಗಟೆ ಕೊರೆಯುವ ಒಂದು ದುಂಬಿ ಇದೆ. ನೋಡಲು ಅಕ್ಕಿಕಾಳಿನಷ್ಟು. ತೊಗಟೆಯ ಅಡಿಯಲ್ಲಿ ಸುರಂಗ ಕೊರೆದು ಮೊಟ್ಟೆ ಇಡುತ್ತದೆ, ಮರಿಹುಳುಗಳು ಒಳಗಿಂದೊಳಗೇ ಮರವನ್ನು ತಿಂದು ಒಣಗಿಸುತ್ತವೆ. ಸಂಖ್ಯೆ ಕಡಿಮೆ ಇದ್ದಾಗ ಸೊರಗಿದ ಮರಗಳಿಗಷ್ಟೇ ಬೀಳುತ್ತವೆ. ಹೆಚ್ಚಾಯಿತೋ, ಗಟ್ಟಿಮುಟ್ಟಾದ ಮರಗಳನ್ನೂ ಬಿಡುವುದಿಲ್ಲ. ಅದಕ್ಕೇ ಕಾಡಿನಲ್ಲಿ ಅಲ್ಲಲ್ಲಿ ವಾಸನೆಯ ಪೊಟ್ಟಣವಿಟ್ಟ ಬಲೆಗಳನ್ನು ನೇತುಹಾಕಿ, ಬಿದ್ದ ದುಂಬಿಗಳನ್ನು ಸ್ಪಿರಿಟ್ ತುಂಬಿದ ಗಾಜಿನ ಕೊಳವೆಗಳಲ್ಲಿ ನಮಗೆ ಕಳಿಸುತ್ತಿದ್ದರು. ಎಣಿಸುವುದು ನನ್ನ ಕೆಲಸ.

ಬಲೆಗಳನ್ನು ನೋಡಿಕೊಳ್ಳುತ್ತಿದ್ದವರು ಧನಿರಾಮ್ ಎಂಬ ಅರಣ್ಯ ಕಾವಲುಗಾರರು. ನಾಲ್ಕು ವರ್ಷ ಅವರ ಕೊಳವೆಗಳನ್ನು ಎಣಿಸಿದ್ದೆ, ಮುಖ ನೋಡಿರಲಿಲ್ಲ. ಪ್ರತಿ ಕೊಳವೆಗೂ ಪೆನ್ಸಿಲಿನಲ್ಲಿ ಬರೆದ ಚೀಟಿ ಇರುತ್ತಿತ್ತು: ಬಲೆಯ ನಂಬರು, ದಿನ, ಗಾಳಿ ಯಾವ ಕಡೆಯದು. ಕೇಳದಿದ್ದರೂ ಗಾಳಿಯನ್ನು ಬರೆಯುತ್ತಿದ್ದ ಆ ಮನುಷ್ಯನ ಮೇಲೆ ನನಗೆ ಬಹಳ ಗೌರವ. ಹೊಸಬರು ಬಂದಾಗ ಅವರ ಚೀಟಿಗಳನ್ನು ತೋರಿಸಿ, ‘ಕೆಲಸ ಅಂದರೆ ಹೀಗಿರಬೇಕು’ ಎನ್ನುತ್ತಿದ್ದೆ.

ಅದೊಂದು ಮೇ ತಿಂಗಳ ಮಧ್ಯಾಹ್ನ. ಹೊರಗೆ ಲೂ ಎಂಬ ಬಿಸಿಗಾಳಿ ಬೀಸುತ್ತಿತ್ತು. ಎಲ್ಲರೂ ಊಟಕ್ಕೆ ಹೋಗಿದ್ದರು, ಒಬ್ಬಳೇ ಇದ್ದೆ. ಬಾಗಿಲಲ್ಲಿ ಖಾಕಿ ಸ್ವೆಟರ್ ತೊಟ್ಟ, ಐವತ್ತರ ಆಸುಪಾಸಿನ ಗಂಡಸೊಬ್ಬ ನಿಂತಿದ್ದ. ಆ ಸೆಖೆಯಲ್ಲಿ ಸ್ವೆಟರ್! ಬಲಗಿವಿಯ ಮೇಲಿನ ಅರ್ಧ ಹರಿದುಹೋಗಿತ್ತು. ಮೊಣಕಾಲಿನವರೆಗೆ ಪ್ಯಾಂಟು ಒದ್ದೆ.

“ಮೇಡಂ ಜೀ, ನಮಸ್ತೆ. ನಾನು ಧನಿರಾಮ್” ಎಂದರು ಹಿಂದಿಯಲ್ಲಿ. ಬಟ್ಟೆಯಲ್ಲಿ ಸುತ್ತಿದ್ದ ಮೂರು ಕೊಳವೆಗಳನ್ನು ಮೇಜಿನ ಮೇಲಿಟ್ಟರು. “ಒಂಬತ್ತನೇ ಬಲೆಯದು. ಅಂಚೆಗೆ ಹಾಕಿದರೆ ತಡವಾಗುತ್ತೆ. ಇವತ್ತೇ ಎಣಿಸಿ.”

ಇಷ್ಟು ದಿನ ಅಕ್ಷರವಾಗಿದ್ದವರು ಎದುರಿಗೆ ನಿಂತದ್ದು ನೋಡಿ ನನಗೆ ಸಂತೋಷವೋ ಸಂತೋಷ. “ಅರೆ, ಕೂತ್ಕೊಳ್ಳಿ ಧನಿರಾಮ್ ಜೀ, ಚಾಯ್ ತರಿಸ್ತೀನಿ” ಎಂದು ಕಾರಿಡಾರಿನ ತುದಿಯ ಕ್ಯಾಂಟೀನಿಗೆ ಹೋಗಿ ಹೇಳಿ ಬಂದೆ. ಬರುವಷ್ಟರಲ್ಲಿ ಅವರಿಲ್ಲ. ನೆಲದ ಮೇಲೆ ಒದ್ದೆ ಹೆಜ್ಜೆಗಳಿದ್ದವು. ನಾನೇ ಒರೆಸಿದೆ. ಗೇಟಿನ ಕಾವಲುಗಾರನನ್ನು ಕೇಳಿದರೆ, “ಯಾರೂ ಬಂದಿಲ್ಲ ಮೇಡಂ” ಎಂದ. ನಿದ್ದೆ ಹೊಡೆದಿರಬೇಕು ಎಂದುಕೊಂಡು ಎಣಿಸಲು ಕೂತೆ.

ಒಂಬತ್ತನೇ ಬಲೆಯಲ್ಲಿ ಸಾಮಾನ್ಯವಾಗಿ ಹತ್ತೋ ಹನ್ನೆರಡೋ ದುಂಬಿಗಳಿರುತ್ತಿದ್ದವು. ಆ ದಿನ ಒಂದೊಂದು ಕೊಳವೆಯಲ್ಲೂ ನೂರಕ್ಕೆ ಮೇಲೆ. ಎರಡು ಸಲ ಎಣಿಸಿದೆ. ಸಂಜೆಯೊಳಗೆ ವರದಿ ಬರೆದು, ಆ ಇಳಿಜಾರಿನ ಮರಗಳ ತೊಗಟೆ ಕೂಡಲೇ ಬಿಡಿಸಿ ನೋಡಬೇಕೆಂದು ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ ನಮ್ಮ ವಿಭಾಗದ ಮುಖ್ಯಸ್ಥ ಮಾಥುರ್ ಸಾಹೇಬರು ಅಲ್ಲಿನ ಅರಣ್ಯ ಕಚೇರಿಗೆ ಫೋನ್ ಮಾಡಿದರು. ಮಾತಾಡುತ್ತಾ ಅವರ ಮುಖ ಬದಲಾಯಿತು. ಫೋನಿಟ್ಟು ನನ್ನನ್ನು ಕರೆದರು.

“ಧನಿರಾಮ್ ನಿನ್ನೆ ಮಧ್ಯಾಹ್ನ ಹಳ್ಳ ದಾಟುವಾಗ ಜಾರಿಬಿದ್ದು ಕಾಲು ಮುರಿದುಕೊಂಡಿದ್ದಾನಂತೆ. ಇಬ್ಬರು ಹೊತ್ತುಕೊಂಡು ಬಂದರಂತೆ. ಕೊಳವೆಗಳಿದ್ದ ಬ್ಯಾಗು ನೀರುಪಾಲು. ಈ ಸ್ಯಾಂಪಲ್ ನಿಮಗೆ ಎಲ್ಲಿಂದ ಬಂತು?”

ಆ ಕಾಡಿನಿಂದ ದೆಹಲಿಗೆ ಒಂದು ಹಗಲು, ಒಂದು ರಾತ್ರಿಯ ಬಸ್ಸಿನ ದಾರಿ. ನಡೆದದ್ದನ್ನು ಹೇಳಿದೆ. ಸಾಹೇಬರು ಕೆಟ್ಟವರಲ್ಲ. ಮೆಲ್ಲಗೆ, “ವರದಿ ವಾಪಸ್ ತಗೊಳ್ಳಿ. ಹೊಸ ಸ್ಯಾಂಪಲ್ ಬರೋವರೆಗೂ ಕಾಯೋಣ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಹುಳು ನೋಡಿ ದೇವದಾರಿಗೆ ಕೊಡಲಿ ಹಾಕೋಕಾಗುತ್ತಾ? ನಾಳೆ ವಿಚಾರಣೆ ಆದರೆ ಏನು ಹೇಳ್ತೀರಿ?” ಎಂದರು.

ಹೊಸ ಸ್ಯಾಂಪಲ್ಲಿಗೆ ಕಡಿಮೆಯೆಂದರೆ ಎರಡು ವಾರ. ಅಷ್ಟರಲ್ಲಿ ಹೊಸ ದುಂಬಿಗಳು ರೆಕ್ಕೆ ಬಲಿತು ಇಡೀ ಇಳಿಜಾರಿಗೆ ಹಾರಿರುತ್ತವೆ. ನಾನು ಮೇಜಿಗೆ ಹಿಂತಿರುಗಿ ಒಂದು ಕೊಳವೆಯನ್ನು ಬೆಳಕಿಗೆ ಹಿಡಿದೆ. ಚೀಟಿಯಲ್ಲಿ ಅದೇ ಪೆನ್ಸಿಲ್ ಅಕ್ಷರ. ‘ಗಾಳಿ ಪಶ್ಚಿಮದಿಂದ’ ಎಂದಿತ್ತು. ಯಾರು ತಂದರೋ ಗೊತ್ತಿಲ್ಲ, ಆದರೆ ದುಂಬಿಗಳು ದುಂಬಿಗಳೇ. ಸಾಹೇಬರ ಕೋಣೆಗೆ ಹೋಗಿ, “ಸರ್, ವರದಿ ವಾಪಸ್ ತಗೊಳಲ್ಲ. ಮರ ಕಡಿಯೋದು ಬೇಡ, ಮೊದಲು ತೊಗಟೆ ಬಿಡಿಸಿ ನೋಡಲಿ. ಏನೂ ಸಿಗದಿದ್ದರೆ ವಿಚಾರಣೆ ನನ್ನ ಮೇಲೇ ಆಗಲಿ” ಎಂದೆ. ಅಷ್ಟು ಗಟ್ಟಿಯಾಗಿ ಯಾರ ಮುಂದೆಯೂ ಮಾತಾಡಿದವಳಲ್ಲ ನಾನು. ಅವರು ಫೋನ್ ಎತ್ತಿಕೊಂಡರು.

ಮೂರನೇ ದಿನ ಸುದ್ದಿ ಬಂತು. ಒಂಬತ್ತನೇ ಬಲೆಯ ಸುತ್ತಲಿನ ಹದಿನಾಲ್ಕು ಮರಗಳಲ್ಲಿ ತೊಗಟೆಯಡಿ ಮರಿಹುಳುಗಳು ಗಿಜಿಗುಡುತ್ತಿದ್ದವಂತೆ. ಹೊರಗಿನಿಂದ ನೋಡಿದರೆ ಮರಗಳು ಇನ್ನೂ ಹಸಿರು. ಆ ಹದಿನಾಲ್ಕನ್ನು ಉರುಳಿಸಿ, ತೊಗಟೆ ಸುಲಿದು ಸುಟ್ಟರು. ಇಳಿಜಾರಿನ ಉಳಿದ ಸಾವಿರಾರು ದೇವದಾರುಗಳು ಉಳಿದವು. ಮನೆಗೆ ಹೋಗಿ ಗಂಡನಿಗೆ ಹೇಳುವಾಗ ನನಗೆ ಅಳು ಬಂತು. ಹೆಮ್ಮೆಯಿಂದಲೇ ಅತ್ತದ್ದು, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅವರು ಮಾತ್ರ ನನ್ನನ್ನು ನೋಡಿ ನಗಲಿಲ್ಲ.

ಅಕ್ಟೋಬರಿನಲ್ಲಿ ಮೊದಲ ಸಲ ಆ ಕಾಡಿಗೆ ಹೋದೆ. ಮೂರು ಕೊಳವೆಗಳನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೆ. ಅರಣ್ಯ ಕಚೇರಿಯ ಜಗಲಿಯಲ್ಲಿ ಊರುಗೋಲು ಹಿಡಿದು ಎದ್ದು ನಿಂತವರನ್ನು ಯಾರೂ ಪರಿಚಯಿಸಬೇಕಾಗಿರಲಿಲ್ಲ. ಅದೇ ಮುಖ, ಅದೇ ಹರಿದ ಕಿವಿ. ಹಿಂದೊಮ್ಮೆ ಕರಡಿ ಮೈಮೇಲೆ ಬಿದ್ದಾಗ ಹಾಗಾಯಿತಂತೆ. ಅವರಿಗೆ ಮಾತ್ರ ನನ್ನ ಗುರುತೇ ಸಿಗಲಿಲ್ಲ.

ದೆಹಲಿಯಲ್ಲಿ ಅವರ ದುಂಬಿಗಳನ್ನು ಎಣಿಸುವವಳು ನಾನೇ ಎಂದು ಹೇಳಿ, ಕೊಳವೆಗಳನ್ನು ಕೈಗೆ ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ಓದಿದರು.

“ಅಕ್ಷರ ನನ್ನದೇ ಮೇಡಂ ಜೀ. ಆದರೆ ಬ್ಯಾಗು ಹಳ್ಳದಲ್ಲಿ ಹೋಗಿದ್ದನ್ನ ಈ ಕಣ್ಣಾರೆ ನೋಡಿದೀನಿ. ಕಾಲಿನ ನೋವಿಗಲ್ಲ, ಅದಕ್ಕೇ ಬಂಡೆ ಮೇಲೆ ಕೂತು ಅತ್ತೆ. ಮೇಡಂಗೆ ಈಗ ಯಾರು ತಲುಪಿಸ್ತಾರೆ ಅಂತ ಅದೊಂದೇ ಯೋಚನೆ. ಆಮೇಲೆ ಎಚ್ಚರ ತಪ್ಪಿತು.”

ಆ ಮಧ್ಯಾಹ್ನ ನಮ್ಮ ಆಫೀಸಿನ ಬಾಗಿಲಲ್ಲಿ ಅವರನ್ನೇ ಕಂಡದ್ದನ್ನು, ಅವರು ಆಡಿದ ಮಾತನ್ನು ಹೇಳಿದೆ. ಆಮೇಲೆ ಅವರು ನನ್ನನ್ನು ನಿಧಾನವಾಗಿ ಒಂಬತ್ತನೇ ಬಲೆಯವರೆಗೆ ಕರೆದುಕೊಂಡು ಹೋದರು. ಹದಿನಾಲ್ಕು ಬುಡಗಳ ಆಚೆ ಇಳಿಜಾರಿನುದ್ದಕ್ಕೂ ದೇವದಾರುಗಳು ನೆಟ್ಟಗೆ ನಿಂತಿದ್ದವು. ಮನೆಯ ಮಕ್ಕಳನ್ನು ತೋರಿಸುವವರ ಹಾಗೆ ಅವರು ಒಂದೊಂದರತ್ತಲೂ ಊರುಗೋಲು ಎತ್ತಿ ತೋರಿಸಿದರು.

ಈ ಬಗ್ಗೆ ಬೇಕಾದಷ್ಟು ಯೋಚಿಸಿದ್ದೇನೆ. ಯಾರಿಗೋ ಬ್ಯಾಗು ಸಿಕ್ಕಿರಬಹುದು ಎಂದುಕೊಂಡರೆ ಆ ಮುಖಕ್ಕೆ ಉತ್ತರವಿಲ್ಲ. ಸೆಖೆಗೆ ನನ್ನ ತಲೆ ಕೆಟ್ಟಿತ್ತು ಎನ್ನೋಣವೆಂದರೆ ಕೊಳವೆಗಳಿಗೆ ಉತ್ತರವಿಲ್ಲ. ನನಗೆ ಗೊತ್ತಿಲ್ಲ, ಅಷ್ಟೇ.

ಆ ದಿನ ಇಳಿದು ಬರುವಾಗ ಧನಿರಾಮ್ ಜೀ ಅರ್ಧ ದಾರಿಯಲ್ಲಿ ನಿಂತು, ನಾಚಿಕೊಳ್ಳುತ್ತಾ ಕೇಳಿದರು. “ನಾನು ದಿಲ್ಲಿ ನೋಡಿದವನೇ ಅಲ್ಲ ಮೇಡಂ ಜೀ. ಅಷ್ಟು ದೊಡ್ಡ ಆಫೀಸು... ಅಲ್ಲಿ ನಾನು ಸರಿಯಾಗಿ ಮಾತಾಡಿದೆನಾ?”

“ಬಹಳ ಚೆನ್ನಾಗಿ ಮಾತಾಡಿದಿರಿ” ಎಂದೆ.

“ಅಚ್ಛಾ” ಎಂದು ತಲೆಯಾಡಿಸಿ, ಎದೆ ಸ್ವಲ್ಪ ಮುಂದೆ ಮಾಡಿ ಮತ್ತೆ ನಡೆಯತೊಡಗಿದರು.