ಅರ್ಧ ಬೆರಳು ಮೇಲಿನ ಬ್ಯಾಂಡು

ಬಂಟ್ವಾಳ ಪೇಟೆಯಲ್ಲಿ ನನ್ನದು ದರ್ಜಿ ಅಂಗಡಿ. ವಾರಕ್ಕೆ ಆರು ದಿನ ಹೊಲಿಗೆ ಯಂತ್ರ ತುಳಿಯುತ್ತಿದ್ದೆ. ಭಾನುವಾರ ಮಧ್ಯಾಹ್ನದ ಊಟ ಮುಗಿಸಿ, ಕ್ಲಾರಿನೆಟ್ಟಿನ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮಡಂತ್ಯಾರಿನ ಬಸ್ಸು ಹಿಡಿಯುತ್ತಿದ್ದೆ. ಐವತ್ತರ ದಶಕದ ಆರಂಭದಿಂದ ಹನ್ನೆರಡು ವರ್ಷ ಇದು ತಪ್ಪಲಿಲ್ಲ. ಮದುವೆಯಾದ ವಾರದ ಭಾನುವಾರವೂ ಹೋಗಿದ್ದೆ. ನನ್ನ ಹೆಂಡತಿ ಅದನ್ನು ಇವತ್ತಿಗೂ ಮರೆತಿಲ್ಲ. ಹದಿಮೂರನೆಯ ವರ್ಷ ನಾನು ಬ್ಯಾಂಡು ಬಿಡಲು ಹೊರಟೆ. ಕಾರಣವಿಲ್ಲದೆ ಸಿಟ್ಟು ಮಾಡುವವನು ನಾನಲ್ಲ. ಆದರೆ ಕಾರಣ ಸಿಕ್ಕರೆ ಸುಮ್ಮನೆ ಬಿಡುವವನೂ ಅಲ್ಲ.

ನಮ್ಮದು ಒಂಬತ್ತು ಜನರ ಬ್ಯಾಂಡು. ಯಾರಿಗೂ ಅದು ಹೊಟ್ಟೆಪಾಡಲ್ಲ. ಮದುವೆಯ ದಿಬ್ಬಣ, ಇಗರ್ಜಿಯ ಹಬ್ಬ, ಶಾಲೆಯ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಹೋಗುತ್ತಿದ್ದೆವು. ಕರೆದವರ ಮನೆಯ ಊಟವೇ ನಮಗೆ ಸಂಭಾವನೆ. ನಮ್ಮಲ್ಲಿ ಹೆಸರು ಹಿಡಿದು ಕರೆಯುವ ಕ್ರಮವಿರಲಿಲ್ಲ. ಯಾರು ಯಾವ ವಾದ್ಯವೋ ಅದೇ ಅವನ ಹೆಸರು. 'ದೊಡ್ಡ ಡ್ರಮ್ಮು' ಎಂದರೆ ಮೆಲ್ಕಾರಿನಲ್ಲಿ ನೀರುಳ್ಳಿ, ಬೆಲ್ಲದ ವ್ಯಾಪಾರ ಮಾಡುವ ಬ್ಯಾರಿ ಮುಸಲ್ಮಾನ. ಹುಡುಗನಾಗಿದ್ದಾಗ ಚರ್ಮದ ದಫ್ ಬಾರಿಸಿ ಪಳಗಿದ ಕೈ. ತಾಳ ಅವನ ಕೈಯಲ್ಲಿದ್ದರೆ ಉಳಿದವರು ಕಣ್ಣು ಮುಚ್ಚಿ ನಡೆಯಬಹುದಿತ್ತು. ನಾನು 'ಎರಡನೇ ಕ್ಲಾರಿನೆಟ್ಟು'. ಮೊದಲನೆಯದು ಮಾಸ್ಟ್ರದ್ದು.

ಮಾಸ್ಟ್ರು ಮಡಂತ್ಯಾರಿನ ಕ್ರಿಶ್ಚಿಯನ್ ಕೃಷಿಕರು. ಯುದ್ಧದ ಕಾಲದಲ್ಲಿ ಯಾವುದೋ ರೆಜಿಮೆಂಟಿನ ಬ್ಯಾಂಡಿನಲ್ಲಿ ಇದ್ದವರು. ಊರಿಗೆ ಮರಳುವಾಗ ಒಂದು ತಗಡಿನ ಟ್ರಂಕು, ಒಂದು ಹಳೆಯ ಕ್ಲಾರಿನೆಟ್ಟು, ಎಲ್ಲದರಲ್ಲೂ ತಾನೇ ಸರಿ ಎನ್ನುವ ಅಭ್ಯಾಸ, ಇಷ್ಟನ್ನು ತಂದಿದ್ದರು. ಆಜ್ಞೆ ಹಿಂದಿಯಲ್ಲಿ, ಬೈಗುಳ ಕೊಂಕಣಿಯಲ್ಲಿ, ಉಳಿದ ಮಾತೆಲ್ಲ ತುಳುವಿನಲ್ಲಿ. ಅವರ ಮನೆಯ ಪಕ್ಕದಲ್ಲಿ ಕೊಬ್ಬರಿ ಒಣಗಿಸುವ ಹಂಚಿನ ಮಾಡಿನ ಅಡಿಯಲ್ಲಿ ನಮ್ಮ ಅಭ್ಯಾಸ ನಡೆಯುತ್ತಿತ್ತು.

ಅಭ್ಯಾಸ ಶುರುವಾಗುವ ಮೊದಲು ಮಾಸ್ಟ್ರು ತಮ್ಮ ಕ್ಲಾರಿನೆಟ್ಟಿನಲ್ಲಿ ಒಂದು ಸ್ವರ ಹಿಡಿಯುತ್ತಿದ್ದರು. ಎಲ್ಲರೂ ಅದಕ್ಕೆ ಸೇರಬೇಕು. ಮಂಗಳೂರಿನಿಂದ ಹೊಸ ಟ್ರಂಪೆಟ್ಟು ಬಂದಾಗಲೆಲ್ಲ ಅದರ ಸ್ವರ ಇವರದ್ದಕ್ಕಿಂತ ಕೆಳಗೆ ನಿಲ್ಲುತ್ತಿತ್ತು. ಇದಕ್ಕೆ ಮಾಸ್ಟ್ರ ಹತ್ತಿರ ವಿವರಣೆ ಇತ್ತು. ಅಂಗಡಿಯವರು ಕೊಳವೆಯನ್ನು ಉದ್ದ ಬಿಟ್ಟೇ ಕಳಿಸುವುದು, ಪ್ಯಾಂಟಿನ ಕಾಲಿನ ಹಾಗೆ. ನಮ್ಮ ಅಳತೆಗೆ ನಾವೇ ಕತ್ತರಿಸಿಕೊಳ್ಳಬೇಕು. ದರ್ಜಿಯಾದ ನನಗೆ ಇದಕ್ಕಿಂತ ಸರಿಯಾದ ಮಾತು ಇನ್ನೊಂದಿಲ್ಲ ಎನಿಸಿತು. ಗುರುತು ಹಾಕುವ ಕೆಲಸ ನನ್ನದೇ ಆಯಿತು. ಅಳತೆಪಟ್ಟಿ ಹಿಡಿದು, ಸೀಮೆಸುಣ್ಣದಿಂದ ಗೆರೆ ಎಳೆದು, ವಾದ್ಯವನ್ನು ಬಂಟ್ವಾಳದ ಒಬ್ಬ ಕಂಚುಗಾರನಿಗೆ ಕೊಡುತ್ತಿದ್ದೆ. ಅವನು ಕೊಳವೆಯಿಂದ ಅರ್ಧ ಬೆರಳಿನಷ್ಟು ಅಗಲದ ಉಂಗುರವೊಂದನ್ನು ಕತ್ತರಿಸಿ ತೆಗೆಯುತ್ತಿದ್ದ. ನನ್ನ ಕ್ಲಾರಿನೆಟ್ಟಿಗೂ ಅದೇ ಗತಿ. ಅದರಲ್ಲಿ ಬಾಯಿಗಿಡುವ ಭಾಗದ ಕೆಳಗೆ ಹೆಬ್ಬೆರಳುದ್ದದ ಒಂದು ಮರದ ತುಂಡು ಇರುತ್ತದೆ, ನಾವು ಅದನ್ನು ಕೊರಳು ಎನ್ನುತ್ತಿದ್ದೆವು. ಆ ಕೊರಳನ್ನು ನಾನೇ ಗರಗಸ ಹಿಡಿದು ಗಿಡ್ಡ ಮಾಡಿದೆ. ಕೆಲಸ ಅಚ್ಚುಕಟ್ಟಾಗಿತ್ತು, ಈಗಲೂ ಹಾಗೆಯೇ ಹೇಳುತ್ತೇನೆ.

ಇಷ್ಟಾದ ಮೇಲೆ ನಮ್ಮ ಒಂಬತ್ತು ಜನರ ಸ್ವರ ಒಂದಾಯಿತು. ಬೆಳ್ತಂಗಡಿಯಿಂದ ಮೂಡಬಿದ್ರಿಯವರೆಗೆ ನಮ್ಮಷ್ಟು ಬಿಗಿಯಾದ ಬ್ಯಾಂಡು ಇಲ್ಲವೆಂದು ನಾವು ನಂಬಿದ್ದೆವು.

ನನ್ನ ಸಿಟ್ಟಿನ ಕಾರಣ ಸ್ವರವಲ್ಲ, ಹಲ್ಲು. ಅರವತ್ತು ದಾಟಿದ ಮೇಲೆ ಮಾಸ್ಟ್ರ ಮೇಲಿನ ಹಲ್ಲುಗಳು ಒಂದೊಂದಾಗಿ ಬಿದ್ದವು. ಕ್ಲಾರಿನೆಟ್ಟಿಗೆ ಮೇಲಿನ ಹಲ್ಲಿನ ಆಧಾರ ಬೇಕೇ ಬೇಕು. ಎತ್ತರದ ಸ್ವರ ಬಂದಾಗ ಅವರದ್ದು ಕೀಚಲು ಕೂಗುತ್ತಿತ್ತು. ನಾನು ಹಿಂದೆ ನಿಂತು ಜೋರಾಗಿ ಊದಿ ಅದನ್ನು ಮುಚ್ಚುತ್ತಿದ್ದೆ. ದಿಬ್ಬಣದವರು ಮಾಸ್ಟ್ರ ಬೆನ್ನು ತಟ್ಟಿ ಹೊಗಳುತ್ತಿದ್ದರು. ಎರಡು ವರ್ಷ ಹೀಗೆ ನಡೆಯಿತು. ನನಗೆ ಮೂವತ್ತೈದಾಗಿತ್ತು, ಕೈಯಲ್ಲಿ ವಿದ್ಯೆ ಇದೆ ಎನ್ನುವುದು ನನಗೆ ಗೊತ್ತಿತ್ತು, ಹೇಳಿಕೊಳ್ಳಲು ಸಂಕೋಚವೂ ಇರಲಿಲ್ಲ. ಮೊದಲನೆಯ ಸ್ಥಾನ ನನಗೆ ಬಿಡಿ ಎಂದು ಒಮ್ಮೆ ಕೇಳಿದೆ. ಮಾಸ್ಟ್ರು ಕೊಂಕಣಿಯಲ್ಲಿ ಉತ್ತರ ಕೊಟ್ಟರು.

ಆ ವರ್ಷ ಪುತ್ತಿಗೆಯ ಒಂದು ಮದುವೆಗೆ ಹೆಣ್ಣಿನ ಕಡೆಯಿಂದ ನಾವು, ಗಂಡಿನ ಕಡೆಯಿಂದ ಮೂಡಬಿದ್ರಿಯ ಬ್ಯಾಂಡು. ಚಪ್ಪರದ ಬಾಗಿಲಲ್ಲಿ ಎರಡೂ ಕೂಡಿ ಒಂದು ಮಾರ್ಚ್ ನುಡಿಸಬೇಕಾಯಿತು. ನುಡಿಸಿದೆವು. ಕೇಳಿದವರು ಕಿವಿ ಮುಚ್ಚಿಕೊಂಡರು. ಅವರದ್ದು ಸ್ವರ ಇಳಿದಿದೆ ಎಂದು ಮಾಸ್ಟ್ರು ಮದುಮಗನ ತಂದೆಗೆ ಕೇಳುವ ಹಾಗೆ ಹೇಳಿದರು. ಬಸ್ಸಿನಲ್ಲಿ ಮಡಂತ್ಯಾರಿನವರೆಗೂ ನಾವು ಮೂಡಬಿದ್ರಿಯವರನ್ನು ಆಡಿಕೊಂಡು ನಕ್ಕೆವು. ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ.

ಮದುವೆಮನೆಯಲ್ಲಿ ನಮ್ಮನ್ನು ಆಡಿಕೊಳ್ಳದೆ ಉಳಿದವರು ಮೂಡಬಿದ್ರಿಯ ಬ್ಯಾಂಡಿನ ಮುಖ್ಯಸ್ಥರು ಮಾತ್ರ. ಮೂಡಬಿದ್ರಿಯ ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿದ್ದ ಮೆದು ಮಾತಿನ ಮನುಷ್ಯ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತು, ನಿಮ್ಮ ಬೆರಳು ಒಳ್ಳೆಯದುಂಟು, ನಮ್ಮ ಮೊದಲನೇ ಕ್ಲಾರಿನೆಟ್ಟು ಬೊಂಬಾಯಿಗೆ ಹೋದ, ನೀವು ಬರುತ್ತೀರಾ ಎಂದು ಕೇಳಿದ್ದರು. ಅವರ ಅಭ್ಯಾಸವೂ ಭಾನುವಾರವೇ. ಎರಡು ಕಡೆ ಕಾಲಿಡುವಂತಿಲ್ಲ.

ಒಂದು ಮಂಗಳವಾರ ಅಂಗಡಿಗೆ ಬೀಗ ಹಾಕಿ, ಸಿದ್ಧಕಟ್ಟೆಯ ದಾರಿಯಾಗಿ ಮೂಡಬಿದ್ರಿಯ ಅವರ ಮನೆಗೆ ಹೋದೆ. ಅವರು ಹಾರ್ಮೋನಿಯಮ್ ತೆರೆದು ಒಂದು ಸ್ವರ ಹಿಡಿದರು. ನಾನು ಊದಿದೆ. ಹಾರ್ಮೋನಿಯಮ್ ಸರಿಯಿಲ್ಲ ಎಂದೆ. ಅವರು ಒಳಗಿನಿಂದ ಇನ್ನೊಂದು ಹಾರ್ಮೋನಿಯಮ್ ತಂದರು. ಅದೂ ಹಾಗೆಯೇ ಇತ್ತು. ಆಮೇಲೆ ಅವರು ನನ್ನ ಕೈಯಿಂದ ಕ್ಲಾರಿನೆಟ್ಟು ತೆಗೆದುಕೊಂಡು, ಕೊರಳನ್ನು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದರು.

"ಇದನ್ನು ಯಾರು ಕತ್ತರಿಸಿದ್ದು?"

"ನಾನೇ."

ಅವರು ನಗಲಿಲ್ಲ. ಹಳೆಯ ಮಿಲಿಟರಿ ವಾದ್ಯಗಳನ್ನು ಸ್ವಲ್ಪ ಗಿಡ್ಡ ಮಾಡುತ್ತಿದ್ದರಂತೆ, ಅವುಗಳ ಸ್ವರ ಸುಮಾರು ಅರ್ಧ ಸ್ವರದಷ್ಟು ಮೇಲಿರುತ್ತದಂತೆ. ಆಮೇಲೆ ಎಲ್ಲ ಕಡೆ ಸ್ವರ ಇಳಿಸಿದ್ದಾರೆ, ಅಂಗಡಿಗೆ ಬರುವ ವಾದ್ಯಗಳೆಲ್ಲ ಆ ಲೆಕ್ಕದವು. ಅಂದರೆ ನಾವು ಹನ್ನೆರಡು ವರ್ಷ ಒಂದೇ ಒಂದು ತಪ್ಪು ವಾದ್ಯವನ್ನು ನಂಬಿ, ಸರಿಯಿದ್ದ ಎಲ್ಲವನ್ನೂ ಕತ್ತರಿಸಿದ್ದೆವು. ಅವರು ಕಪಾಟಿನಿಂದ ಪೂರ್ತಿ ಉದ್ದದ ಒಂದು ಕೊರಳು ತೆಗೆದು ಕೊಟ್ಟರು. ಇದನ್ನು ಹಾಕಿ ಅಭ್ಯಾಸ ಮಾಡಿ, ಮುಂದಿನ ಭಾನುವಾರ ಬನ್ನಿ ಎಂದರು.

ಬಸ್ಸಿನಲ್ಲಿ ಕೂತಾಗ ನನಗೆ ನಾಚಿಕೆಯಾಯಿತು, ನಿಜ. ಸಿದ್ಧಕಟ್ಟೆ ದಾಟುವಾಗ ಆ ನಾಚಿಕೆ ಹೋಗಿ ಸಂತೋಷ ಬಂತು. ಮಾಸ್ಟ್ರು ತಪ್ಪು! ಇದಕ್ಕಿಂತ ಒಳ್ಳೆಯ ಕಾರಣ ಯಾರಿಗೆ ಸಿಕ್ಕೀತು? ಗಿಡ್ಡ ಕೊರಳು ಹಾಕಿದರೆ ಮಡಂತ್ಯಾರು, ಉದ್ದ ಕೊರಳು ಹಾಕಿದರೆ ಮೂಡಬಿದ್ರಿ. ನಾನು ಉದ್ದದ್ದನ್ನು ಜೇಬಿನ ಹೊರಗಿನಿಂದ ಮುಟ್ಟಿ ನೋಡಿಕೊಂಡೆ.

ಹೆಂಡತಿಗೆ ಹೇಳಿದೆ. ಹೋಗುವುದಾದರೆ ಹೋಗಿ, ಆದರೆ ಹಲ್ಲಿನ ಸಿಟ್ಟನ್ನು ಸ್ವರದ ಮೇಲೆ ಹಾಕಿ ಹೋಗಬೇಡಿ ಎಂದಳು. ಭಾನುವಾರ ಮಡಂತ್ಯಾರಿಗೆ ಹೋಗುವ ಬಸ್ಸಿನಲ್ಲಿ ದೊಡ್ಡ ಡ್ರಮ್ಮಿಗೂ ಹೇಳಿದೆ. ವಿಷಯ ತಿಳಿಸಿ, ಅಲ್ಲಿಂದಲೇ ಮೂಡಬಿದ್ರಿಗೆ ಹೋಗುವುದು ನನ್ನ ಯೋಚನೆ.

"ನನ್ನ ಡ್ರಮ್ಮಿಗೆ ಮೇಲಿನ ಸ್ವರವೂ ಒಂದೇ, ಕೆಳಗಿನದ್ದೂ ಒಂದೇ ಮಾರಾಯ," ಎಂದ. "ಆದರೆ ನೀನು ಹೇಳಿದ ಮೇಲೆ ಆ ಮನುಷ್ಯ ಇನ್ನು ಊದುವುದಿಲ್ಲ. ಅದನ್ನು ನೋಡ್ಲಿಕ್ಕೆ ನಿನಗೆ ಮನಸ್ಸುಂಟಾ?"

ಉಂಟು ಎಂದೆ. ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು.

ಕೊಬ್ಬರಿಯ ಮಾಡಿನಡಿ ಎಲ್ಲರೂ ಸೇರಿದ್ದರು. ನಾನು ಪೀಠಿಕೆ ಹಾಕಲಿಲ್ಲ. ಉದ್ದದ ಕೊರಳನ್ನು ಬೆಂಚಿನ ಮೇಲೆ ಇಟ್ಟು, ಮೂಡಬಿದ್ರಿಯಲ್ಲಿ ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದೆ, ಬ್ಯಾಂಡು ಬಿಟ್ಟು ಅಲ್ಲಿಗೆ ಸೇರುತ್ತೇನೆ ಎಂದೂ ಹೇಳಿದೆ. ಮಾಸ್ಟ್ರು ಬೈಯುತ್ತಾರೆಂದು ಕಾದೆ, ಬೈದರೆ ತಿರುಗಿ ಹೇಳಲು ಮಾತುಗಳೂ ತಯಾರಿದ್ದವು. ಅವರು ಬೈಯಲಿಲ್ಲ. ಅದನ್ನು ಹಾಕಿ ಒಂದು ಸ್ವರ ಹಿಡಿ ಎಂದರು. ಹಿಡಿದೆ. ಒಬ್ಬ ಟ್ರಂಪೆಟ್ಟಿನವನನ್ನು ಕರೆದು, ಅದರ ಜಾರುವ ಕೊಳವೆಯನ್ನು ಆಗುವಷ್ಟು ಹೊರಗೆಳೆದು ಊದಲು ಹೇಳಿದರು. ಅದು ನನ್ನ ಸ್ವರದ ಹತ್ತಿರ ಬಂತು. ಕೊನೆಗೆ ತಮ್ಮದನ್ನು ಊದಿದರು. ಅದೊಂದೇ ಬೇರೆಯಾಗಿ ನಿಂತಿತು.

ಮಾಸ್ಟ್ರು ಎದ್ದು ಕಂಬದ ಮೊಳೆಯಿಂದ ಒಂದು ಹಗ್ಗ ತೆಗೆದರು. ಅದರಲ್ಲಿ ಹಿತ್ತಾಳೆಯ ಉಂಗುರಗಳನ್ನು ಪೋಣಿಸಲಾಗಿತ್ತು. ಅಷ್ಟು ವರ್ಷ ಅದು ಅಲ್ಲೇ ತೂಗುತ್ತಿದ್ದರೂ ಕರುವಿನ ಕೊರಳಿಗೆ ಮಾಡಿದ್ದೇನೋ ಎಂದು ನಾನು ತಿಳಿದಿದ್ದೆ. ಕಂಚುಗಾರ ಕತ್ತರಿಸಿದ ತುಂಡುಗಳವು. ವಾದ್ಯದ ಜೊತೆಗೆ ನಾನೇ ಅವನ್ನು ತಂದು ಕೊಡುತ್ತಿದ್ದೆ, ಅವರು ಬಿಸಾಡಿದ್ದಾರೆಂದುಕೊಂಡಿದ್ದೆ.

"ಮಿಲಿಟರಿಯಲ್ಲಿ ಒಂದು ಚೂರೂ ಬಿಸಾಡಬಾರದೂಂತ ಕಲಿಸಿದ್ದು," ಎಂದರು. "ಕಂಚುಗಾರನಿಗೆ ಕೊಟ್ಟು ಪುನಃ ಬೆಸೆಸುವ. ಎಲ್ಲಾ ಸರಿಯಾಗ್ತದೆ."

"ನಿಮ್ಮದು?" ದೊಡ್ಡ ಡ್ರಮ್ಮು ಕೇಳಿದ.

"ನನ್ನದು ಹುಟ್ಟುವಾಗಲೇ ಗಿಡ್ಡ. ಅದಕ್ಕೆ ಸೇರಿಸ್ಲಿಕ್ಕೆ ತುಂಡು ಇಲ್ಲ." ಹಗ್ಗವನ್ನು ನನ್ನ ಕೈಗೆ ಕೊಟ್ಟರು. "ಬ್ಯಾಂಡು ಬಿಡಬೇಕಾದವ ನೀನಲ್ಲ, ನಾನು."

ಎರಡು ವರ್ಷದಿಂದ ನಾನು ಬಯಸಿದ್ದು ಒಂದು ಹಗ್ಗದಲ್ಲಿ ಪೋಣಿಸಿದ ಹಾಗೆ ನನ್ನ ಅಂಗೈಯಲ್ಲಿತ್ತು. ಮೂಡಬಿದ್ರಿಗೆ ಹೋಗಬೇಕಾಗಿಯೂ ಇರಲಿಲ್ಲ. ಮೊದಲನೇ ಸ್ಥಾನ, ಸರಿಯಾದ ಸ್ವರ, ನಮ್ಮದೇ ಬ್ಯಾಂಡು, ಎಲ್ಲವೂ ಸಿಕ್ಕಿತ್ತು. ನನಗೆ ಬಂದದ್ದು ಮಾತ್ರ ಸಿಟ್ಟು. ಕಿತ್ತುಕೊಳ್ಳಲು ಬಂದವನಿಗೆ ಎದುರು ಮಾತಿಲ್ಲದೆ ಕೊಟ್ಟುಬಿಟ್ಟರೆ ಅವನು ಏನು ಮಾಡಬೇಕು? ಮಾಸ್ಟ್ರು ಕ್ಲಾರಿನೆಟ್ಟನ್ನು ತುಂಡು ತುಂಡಾಗಿ ಬಿಚ್ಚಿ, ಒಳಗಿನ ತೇವವನ್ನು ಬಟ್ಟೆಯಿಂದ ಒರೆಸುತ್ತಿದ್ದರು. ನನಗೆ ಮೊದಲ ಸ್ವರ ಕಲಿಸಿದ ದಿನವೂ ಹೀಗೆಯೇ ಒರೆಸಿ ತೋರಿಸಿದ್ದರು. ಅವರನ್ನು ನಾನು ಎಷ್ಟು ಇಷ್ಟಪಡುತ್ತೇನೆ ಎಂದು ಆಗ ಗೊತ್ತಾಯಿತು, ಗೊತ್ತಾದದ್ದಕ್ಕೂ ಸಿಟ್ಟು ಬಂತು.

ಹಗ್ಗವನ್ನು ಮೊಳೆಗೆ ತೂಗುಹಾಕಿದೆ. ಉದ್ದದ ಕೊರಳು ಬಿಚ್ಚಿ ಜೇಬಿಗೆ ಹಾಕಿ, ನಾನೇ ಕತ್ತರಿಸಿದ್ದ ಗಿಡ್ಡದ್ದನ್ನು ಜೋಡಿಸಿದೆ.

"ಸ್ವರ ಕೊಡಿ ಮಾಸ್ಟ್ರೇ," ಎಂದೆ.

"ತಪ್ಪು ಸ್ವರ."

"ತಪ್ಪಾದರೆ ಒಂಬತ್ತು ಜನರದ್ದೂ ಒಂದೇ ತಪ್ಪು. ಕೊಡಿ."

ಅಷ್ಟಕ್ಕೇ ಬಿಟ್ಟರೆ ನಾನು ನಾನಾಗುತ್ತಿರಲಿಲ್ಲ. ಒಂದು ಷರತ್ತು ಹಾಕಿದೆ. ಎತ್ತರದ ಸ್ವರ ಬಂದಲ್ಲಿ ನಾನು ಮುಂದೆ ನಿಂತು ನುಡಿಸುತ್ತೇನೆ, ಕೆಳಗಿನದ್ದು ನೀವು ನುಡಿಸಿ, ಕೀಚಲು ಮುಚ್ಚುವ ಕೆಲಸ ಇನ್ನು ನನ್ನಿಂದಾಗದು. ಈಗ ಅವರು ಬೈದರು, ಕೊಂಕಣಿಯಲ್ಲಿ, ಸಾಕಷ್ಟು ಹೊತ್ತು. ಬೈದು ಮುಗಿಸಿ ಕ್ಲಾರಿನೆಟ್ಟನ್ನು ಪುನಃ ಜೋಡಿಸಿದರು. ದೊಡ್ಡ ಡ್ರಮ್ಮು ನಮ್ಮಿಬ್ಬರನ್ನೂ ನೋಡದೆ ತಾಳ ಶುರುಮಾಡಿದ.

ಮಂಗಳವಾರ ಮೂಡಬಿದ್ರಿಗೆ ಹೋಗಿ, ಬರುವುದಿಲ್ಲ ಎಂದು ತಿಳಿಸಿ, ಕೊರಳನ್ನು ಹಿಂದಿರುಗಿಸಲು ನೋಡಿದೆ. ಅವರು ತೆಗೆದುಕೊಳ್ಳಲಿಲ್ಲ. ಮುಂದೊಂದು ದಿನ ಬೇಕಾಗುತ್ತದೆ ಎಂದರು. ಅದು ನನ್ನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬಿಯ ಹಿಂದೆ ಉಳಿಯಿತು.

ಇನ್ನೂ ಮೂರು ವರ್ಷ ನಾವು ಅರ್ಧ ಬೆರಳು ಮೇಲೆಯೇ ನುಡಿಸಿದೆವು. ಎರಡು ಬ್ಯಾಂಡು ಕೂಡುವ ಮದುವೆಯ ಕರೆ ಬಂದರೆ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆವು. ಒಂದು ಭಾನುವಾರ ಮಾಸ್ಟ್ರು ಕ್ಲಾರಿನೆಟ್ಟಿನ ಪೆಟ್ಟಿಗೆ ಇಲ್ಲದೆ ಮಾಡಿಗೆ ಬಂದರು. ಕೊನೆಯ ಹಲ್ಲೂ ಹೋಗಿತ್ತು. ಮೊಳೆಯಿಂದ ಹಗ್ಗ ತೆಗೆದು ನನ್ನ ಮುಂದೆ ಇಟ್ಟರು. ಈ ಸಲ ನಾನು ತೆಗೆದುಕೊಂಡೆ.

ಯಾವ ಉಂಗುರ ಯಾವ ಟ್ರಂಪೆಟ್ಟಿನದ್ದು ಎಂದು ಅಳತೆಪಟ್ಟಿ ಹಿಡಿದು ನಾನೇ ಗುರುತಿಸಿದೆ, ಒಂದೂ ತಪ್ಪಲಿಲ್ಲ. ಅದೇ ಕಂಚುಗಾರ ಗೊಣಗುತ್ತ ಬೆಸೆದುಕೊಟ್ಟ. ಮುಂದಿನ ಅಭ್ಯಾಸಕ್ಕೆ ಡ್ರಾಯರಿನಿಂದ ಉದ್ದದ ಕೊರಳು ಹೊರಬಂತು. ಮಾಸ್ಟ್ರು ಬೆಂಚಿನ ಮೇಲೆ ಕೂತಿದ್ದರು. ಎಲ್ಲರೂ ಅಭ್ಯಾಸಬಲದಿಂದ ಅವರ ಕಡೆ ನೋಡಿದರು; ಅವರು ನನ್ನ ಕಡೆ ಕೈ ತೋರಿಸಿದರು. ನಾನು ಸ್ವರ ಕೊಟ್ಟೆ, ಉಳಿದ ಏಳು ಜನ ಅದಕ್ಕೆ ಸೇರಿದರು.

ಮಾಸ್ಟ್ರು ತಲೆ ಓರೆ ಮಾಡಿ ಕೇಳಿದರು.

"ನನಗೆ ಸ್ವರ ಕೆಳಗೆ ಕೇಳ್ತದೆ," ಎಂದರು. "ಸರಿ ಉಂಟು. ನುಡಿಸು."

ನನಗೂ ಕೆಳಗೆಯೇ ಕೇಳಿತ್ತು. ಇವತ್ತಿಗೂ ಹಾಗೆಯೇ ಕೇಳುತ್ತದೆ. ಅವರಿಗೆ ಆ ದಿನ ಅದನ್ನು ಹೇಳಲಿಲ್ಲ, ಹೇಳಬೇಕಾಗಿತ್ತು.